ಮಾವನ ಒಣಗೈ

ಮಂಗಳವಾರ ಅತ್ತೆ ಫೋನಿನಲ್ಲಿ ಒಂದು ಮಾತು ಹೇಳಿದರು. ಅಂದಿನಿಂದ ನನ್ನ ಕೈಯಲ್ಲಿ ಯಾವ ಕೆಲಸವೂ ನೆಟ್ಟಗಾಗುತ್ತಿಲ್ಲ. ಹಾಲು ಎರಡು ಸಲ ಉಕ್ಕಿ ಒಲೆಯ ಮೇಲೆ ಹರಿಯಿತು. ಮಗುವಿಗೆ ವಿಟಮಿನ್ ಹನಿ ಹಾಕಿದೆನೋ ಇಲ್ಲವೋ ನೆನಪಾಗದೆ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಇಳಿದಿದೆ ಎಂದು ನೋಡುತ್ತ ನಿಂತೆ. ಹತ್ತು ತಿಂಗಳ ಮಗುವಿರುವ ಮನೆಯಲ್ಲಿ ಚಿಂತೆಗೆ ಬರವಿಲ್ಲ. ಆದರೆ ಇದು ಆ ಜಾತಿಯ ಚಿಂತೆಯಲ್ಲ. ಡಾಕ್ಟರ ಹತ್ತಿರ ಹೋಗಿ ಕೇಳಿ ಕಳೆದುಕೊಳ್ಳುವಂಥದ್ದಲ್ಲ.

ಅತ್ತೆ ಹೇಳಿದ್ದು ಇಷ್ಟೇ. "ಭಾನುವಾರ ಒಬ್ಬ ಮೆಕ್ಯಾನಿಕ್ ಬರ್ತಾನೆ ಕಣೆ. ನಿಮ್ಮ ಮಾವನ ತೊಟ್ಟಿ, ಪೆಟ್ಟಿಗೆ, ಬ್ರಷ್ಷು ಎಲ್ಲಾ ತಗೊಂಡು ಹೋಗ್ತಾನೆ. ಕೆಟ್ಟ ಕೈಯವನ ಹತ್ರ ಒಳ್ಳೆ ಸಾಮಾನು ಯಾಕಿರಬೇಕು ಅಂತಾರೆ ಇವರು. ನಾನೇನು ಹೇಳ್ಲಿ."

ಮಾವನ ಕೈ ಕೆಟ್ಟಿಲ್ಲ. ಹದಿನಾರು ವರ್ಷದ ಹಿಂದೆ, ಅವರು ಆ ಕೆಲಸ ಬಿಟ್ಟ ದಿನವೂ ಕೆಟ್ಟಿರಲಿಲ್ಲ. ಅದು ಗೊತ್ತಿರುವುದು ನನಗೆ, ನನ್ನಿಂದ ನನ್ನ ಗಂಡನಿಗೆ, ಅಷ್ಟೇ. ಭಾನುವಾರದೊಳಗೆ ನಾನು ಅದನ್ನು ಹೇಳಬೇಕು. ಹೇಳದಿದ್ದರೆ ಸಾಮಾನು ಹೋಗುತ್ತದೆ. ಅದರ ಹಿಂದೆಯೇ, ತನ್ನ ಕೈ ಕೆಟ್ಟದ್ದು ಎಂಬ ನಂಬಿಕೆ ಅವರ ಜೊತೆ ಕೊನೆಯವರೆಗೂ ಉಳಿಯುತ್ತದೆ.

"ಎರಡು ನಿಮಿಷದ ಮಾತು. ಫೋನ್ ಮಾಡಿ ಹೇಳಿಬಿಡು," ಅಂದರು ನನ್ನ ಗಂಡ, ಶರ್ಟಿಗೆ ಗುಂಡಿ ಹಾಕಿಕೊಳ್ಳುತ್ತ.

"ನಿಮಗೆ ಹೇಳೋಕೇ ನಂಗೆ ಆರು ವರ್ಷ ಹಿಡೀತು."

"ಹಾಗಾದ್ರೆ ಅಭ್ಯಾಸ ಆಗಿದೆಯಲ್ಲ," ಅಂದು ಚಪ್ಪಲಿ ಮೆಟ್ಟಿ ಹೊರಟರು.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಅಪ್ಪ ಇರಲಿಲ್ಲ. ಅಮ್ಮ ನರ್ಸ್, ಎರಡು ವರ್ಷಕ್ಕೊಮ್ಮೆ ವರ್ಗ. ಶಾಲೆ ಬದಲಿಸಿ ಬದಲಿಸಿ ಹುಡುಗಿ ಮಂಕಾಗುತ್ತಿದ್ದಾಳೆ ಅಂತ ಒಂಬತ್ತನೆಯ ವಯಸ್ಸಿಗೆ ನನ್ನನ್ನು ನಗರದಲ್ಲಿದ್ದ ಮಾವನ ಮನೆಯಲ್ಲಿ ಬಿಟ್ಟರು. ಮಾವ ಅತ್ತೆಗೆ ಮಕ್ಕಳಿರಲಿಲ್ಲ. ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ, ಪುಸ್ತಕ ಬೈಂಡ್ ಮಾಡುವ ಅಂಗಡಿಯ ಮೇಲೆ ಮೂರು ಕೋಣೆಯ ಬಾಡಿಗೆ ಮನೆ. ಮೂರನೆಯ ಕೋಣೆ ಬಚ್ಚಲಿಗೆ ಅಂಟಿಕೊಂಡಿತ್ತು. ಬಿಸಿಲು ಬೀಳುತ್ತಿರಲಿಲ್ಲ, ಗೋಡೆ ಹನ್ನೆರಡು ತಿಂಗಳೂ ತೇವ. ಬೇರೆಯವರಾಗಿದ್ದರೆ ಆ ಕೋಣೆ ತೋರಿಸಿ ಬಾಡಿಗೆ ಇಳಿಸಿ ಅನ್ನುತ್ತಿದ್ದರು. ಮಾವ ಆ ಕೋಣೆಗೋಸ್ಕರವೇ ಆ ಮನೆ ಹಿಡಿದದ್ದು.

ಅವರ ಕೆಲಸ, ಬಂದೂಕಿನ ಬರಿ ಲೋಹಕ್ಕೆ ಮೇಲ್ಪದರ ಕೊಡುವುದು. ಪೇಟೆಯಲ್ಲಿ ಲೈಸೆನ್ಸ್ ಇದ್ದ ಹಳೆಯ ಬಂದೂಕಿನ ಅಂಗಡಿಯೊಂದಿತ್ತು. ರಿಪೇರಿಗೆ ಬಂದ ಬಂದೂಕನ್ನು ಅಲ್ಲಿ ಬಿಚ್ಚಿ, ಹಳೆಯ ಬಣ್ಣ ತುಕ್ಕು ಎಲ್ಲ ಉಜ್ಜಿ, ಬೆಳ್ಳಗೆ ಹೊಳೆಯುವ ಹಾಗೆ ಮಾಡಿ, ಬಿಡಿಭಾಗಗಳನ್ನಷ್ಟೇ ಚೀಟಿ ಕಟ್ಟಿ ಮನೆಗೆ ಕಳಿಸುತ್ತಿದ್ದರು. ಬರಿ ಉಕ್ಕು ಅಂದರೆ ಚರ್ಮ ಸುಲಿದ ಮೈ ಇದ್ದ ಹಾಗೆ, ಗಾಳಿ ತಾಕಿದರೂ ಅದಕ್ಕೆ ಉರಿ ಅನ್ನುತ್ತಿದ್ದರು ಮಾವ. ಅದಕ್ಕೆ ಮತ್ತೆ ಚರ್ಮ ಬೆಳೆಸುವುದು ಅವರ ಪಾಲಿನ ಕೆಲಸ. ನಳಿಗೆ, ಸ್ಕ್ರೂ, ಟ್ರಿಗರ್ ಎಳೆಯುವ ಬೆರಳು ಹೋಗುವ ಕಡೆ ಬಿಲ್ಲಿನ ಹಾಗೆ ಬಾಗಿರುವ ಕಾಪು, ಇಂಥವನ್ನೇ ನಾನು ಐದು ವರ್ಷ ನೋಡಿದ್ದು. ಇಡಿಯ ಬಂದೂಕನ್ನು ಆ ಮನೆಯಲ್ಲಿ ಒಂದು ದಿನವೂ ಕಂಡಿಲ್ಲ. ಮಾವ ಜೀವಮಾನದಲ್ಲಿ ಒಂದು ಗುಂಡು ಹಾರಿಸಿದವರಲ್ಲ. ಡಿಪೋದಲ್ಲಿ ಬಸ್ಸಿನ ಟೈರು ಢಮ್ಮೆಂದರೆ ಕೈಯಲ್ಲಿದ್ದ ಟೀ ಲೋಟ ಅಲ್ಲಾಡಿ ಪಂಚೆಯ ಮೇಲೆ ಚೆಲ್ಲುತ್ತಿತ್ತು.

"ಶೂರರು," ಅನ್ನುತ್ತಿದ್ದರು ಅತ್ತೆ, ಬಟ್ಟೆ ತಂದು ಒರೆಸುತ್ತ. "ಇವರ ಕೈಯಲ್ಲಿ ಹಾದುಹೋದ ಬಂದೂಕೆಲ್ಲ ಸೇರಿಸಿದ್ರೆ ಒಂದು ದಂಡು ಕಟ್ಟಬಹುದು. ಇವರನ್ನ ಮಾತ್ರ ಆ ದಂಡಿನ ಹಿಂದೆ ನೀರು ಹೊರೋಕೆ ಇಡಬೇಕು."

"ನೀರು ಹೊರೋದೇ ನನ್ನ ಕೆಲಸ ಅಲ್ವೇನೆ," ಅನ್ನುತ್ತಿದ್ದರು ಮಾವ.

ಅದೂ ನಿಜವೇ. ಆ ಕೆಲಸದಲ್ಲಿ ಮುಕ್ಕಾಲು ಪಾಲು ನೀರು. ಮೊದಲ ದಿನ ಭಾಗಗಳನ್ನೆಲ್ಲ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಒಂದು ಕೂದಲೆಳೆಯಷ್ಟೂ ಜಿಡ್ಡಿಲ್ಲದಂತೆ ತೊಳೆಯುವುದು. ನಳಿಗೆಯ ಎರಡೂ ಬಾಯಿಗೆ ಉದ್ದನೆಯ ಮರದ ಬಿರಡೆ ಹೊಡೆದಿರುತ್ತಿದ್ದರು. ಒಳಗೆ ನೀರು ಹೋಗಬಾರದು ಅನ್ನುವುದಕ್ಕೂ ಆಯಿತು, ಹಿಡಿದುಕೊಳ್ಳುವುದಕ್ಕೂ ಆಯಿತು. ಆಮೇಲೆ ಅವರೇ ತಯಾರಿಸಿಟ್ಟ ಒಂದು ದ್ರಾವಣವನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ ಒಂದೇ ಕೈ ಸವರುವುದು. ಅದಕ್ಕೆ ಮಾವ ಇಟ್ಟ ಹೆಸರು ಕಷಾಯ. ಸವರಿದ್ದನ್ನು ಗೋಡೆಗೆ ಒರಗಿಸಿದ್ದ ಮರದ ಪೆಟ್ಟಿಗೆಯಲ್ಲಿ, ಕೆಳಗೆ ಬಿಸಿನೀರಿನ ಪಾತ್ರೆ ಇಟ್ಟು, ತೂಗುಹಾಕುವುದು. ಪೆಟ್ಟಿಗೆಯ ಹಬೆಗೆ ಉಕ್ಕು ಬೆವರಿ, ಮೈತುಂಬ ಕಿತ್ತಳೆ ಬಣ್ಣದ ತುಕ್ಕು ಏಳುತ್ತಿತ್ತು. ಮರುದಿನ ಅದನ್ನು ಉದ್ದನೆಯ ತಗಡಿನ ತೊಟ್ಟಿಯಲ್ಲಿ, ಗ್ಯಾರೇಜಿನಿಂದ ತಂದ, ಉಪ್ಪಿನಂಶವಿಲ್ಲದ ಬ್ಯಾಟರಿ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕೆಲ್ಲ ಕಪ್ಪಾಗುತ್ತಿತ್ತು. ಕೂದಲಿನಷ್ಟು ಸಣ್ಣ ತಂತಿಯ ಬ್ರಷ್ಷಿನಿಂದ ಮೆತ್ತಗೆ ಉಜ್ಜಿದರೆ ಮೇಲಿನ ಮಸಿ ಉದುರಿ ಕೆಳಗೊಂದು ಮಬ್ಬು ಬೂದು ಪದರ ಉಳಿಯುತ್ತಿತ್ತು. ಮತ್ತೆ ಕಷಾಯ, ಮತ್ತೆ ಬೆವರು, ಮತ್ತೆ ಕುದಿ. ಎಂಟು ಸಲ. ಕೊನೆಗೆ ಎಣ್ಣೆ.

"ಊರಲ್ಲಿ ಎಲ್ಲರೂ ತುಕ್ಕು ತೆಗೆದು ಹೊಟ್ಟೆ ಹೊರೀತಾರೆ. ನಿಮ್ಮ ಮಾವ ತುಕ್ಕು ಹಿಡಿಸಿ ಹೊರೀತಾರೆ," ಅನ್ನುವುದು ಅತ್ತೆಯ ಇನ್ನೊಂದು ಮಾತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ನಕ್ಕಾಗ ಮಾವನೂ ಮೊದಲ ಸಲ ಕೇಳಿದವರ ಹಾಗೆ ನಗುತ್ತಿದ್ದರು. ಒಳ್ಳೆಯ ತುಕ್ಕು ಮೊದಲೇ ಕೂತುಬಿಟ್ಟರೆ ಕೆಟ್ಟ ತುಕ್ಕಿಗೆ ಜಾಗ ಸಿಗುವುದಿಲ್ಲ ಅಂತ ನನಗೆ ವಿವರಿಸಿದ್ದರು. ನನ್ನ ವಿಜ್ಞಾನದ ಪುಸ್ತಕದಲ್ಲಿ ತುಕ್ಕು ಒಂದೇ ಬಗೆಯದಾಗಿತ್ತು. ಪರೀಕ್ಷೆಯಲ್ಲಿ ಎರಡು ಬಗೆ ಅಂತ ಬರೆದು ಅರ್ಧ ಅಂಕ ಕಳೆದುಕೊಂಡೆ. ಮಾವ ಉತ್ತರಪತ್ರಿಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ನಿಮ್ಮ ಟೀಚರು ಒಂದೇ ಒಂದು ಸ್ಕ್ರೂನೂ ಬೇಯಿಸಿಲ್ಲ," ಅಂದರು.

ಆ ಮೊದಲ ದಿನದ ಮಡಿ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅಂದು ಅಡುಗೆಮನೆಯಲ್ಲಿ ಎಣ್ಣೆ ಕಾಯಿಸುವ ಹಾಗಿಲ್ಲ, ಹೊಗೆಯ ಜಿಡ್ಡು ಗಾಳಿಯಲ್ಲಿ ತೇಲಿ ಬಂದು ಕೂರುತ್ತದೆ ಅಂತ. ಅತ್ತೆಯೂ ನಾನೂ ತಲೆಗೆ ಎಣ್ಣೆ ಹಚ್ಚುವ ಹಾಗಿಲ್ಲ. ಊಟಕ್ಕೆ ಬೇಯಿಸಿದ್ದೇ ಗತಿ. ಬಾಗಿಲನ್ನು ಮಾವ ಮೊಣಕೈಯಿಂದ ತಳ್ಳುತ್ತಿದ್ದರು. ಮೂಗು ತುರಿಸಿದರೆ ನನ್ನನ್ನು ಕೂಗುತ್ತಿದ್ದರು. ನಾನು ಓಡಿ ಬಂದು ಪೆನ್ಸಿಲ್ಲಿನ ಹಿಂದುಗಡೆಯಿಂದ ತುರಿಸಬೇಕು. "ಮೇಲೆ. ಇನ್ನೂ ಮೇಲೆ. ಆಂ, ಅಲ್ಲೇ." ಪೂಜಾರಿಗೂ ಇಷ್ಟು ಮಡಿಯಿಲ್ಲ ಅಂತ ಅತ್ತೆ ಒಳಗಿನಿಂದ ಗೊಣಗುತ್ತಿದ್ದರು.

ಮಡಿಯೆಲ್ಲ ಕೈಯದ್ದು. ಆ ಕಸುಬಿನಲ್ಲಿ ಕೈ ಎರಡು ಬಗೆ. ಒಣಗೈ, ತುಕ್ಕುಗೈ. ಕೆಲವರ ಬೆವರಿನಲ್ಲಿ ಅದೇನು ಉಪ್ಪಿರುತ್ತದೋ, ಅವರು ಬರಿ ಉಕ್ಕನ್ನು ಒಮ್ಮೆ ಮುಟ್ಟಿದರೆ ಸಾಕು, ಮುಟ್ಟಿದ ಜಾಗದಲ್ಲಿ ತುಕ್ಕು ಕಚ್ಚಿಕೊಳ್ಳುತ್ತದೆ. ಮೇಲೆ ಎಷ್ಟು ಪದರ ಕೊಟ್ಟರೂ ಕಲೆ ಎದ್ದುಬರುತ್ತದೆ. ಮಾವನಿಗೆ ಕೆಲಸ ಕಲಿಸಿದ ಮುದುಕ ಯಾರನ್ನು ಸೇರಿಸಿಕೊಳ್ಳುವುದಕ್ಕೂ ಮುಂಚೆ ಒಂದು ಪರೀಕ್ಷೆ ಇಡುತ್ತಿದ್ದನಂತೆ. ಉಜ್ಜಿದ ಉಕ್ಕಿನ ಪಟ್ಟಿಗೆ ಅಂಗೈ ಒತ್ತಿಸಿ, ಪಟ್ಟಿಯನ್ನು ಮೂರು ದಿನ ಹಾಗೇ ಇಡುವುದು. ಆ ವರ್ಷ ಕೆಲಸಕ್ಕೆ ಬಂದಿದ್ದ ಏಳು ಜನರಲ್ಲಿ ಮಾವನ ಪಟ್ಟಿ ಮಾತ್ರ ಮೂರನೆಯ ದಿನವೂ ಕನ್ನಡಿಯಂತಿತ್ತು. ಇದನ್ನು ಹೇಳುವಾಗ ಮಾವ ತಮ್ಮ ಎರಡೂ ಕೈಗಳನ್ನು ಎದುರಿಗೆ ಹರಡಿ, ಬೇರೆ ಯಾರದೋ ವಸ್ತುವನ್ನು ನೋಡುವವರ ಹಾಗೆ ನೋಡುತ್ತಿದ್ದರು. ಹೆಚ್ಚು ಓದಿದವರಲ್ಲ. ಎದ್ದು ಕಾಣುವ ಮೈಕಟ್ಟಲ್ಲ. ಜನರೆದುರು ಮಾತು ತಡವರಿಸುತ್ತಿತ್ತು. ದೇವರು ಕೊಟ್ಟದ್ದು ಅಂತ ಅವರಿಗಿದ್ದದ್ದು ಆ ಒಂದು ಜೊತೆ ಕೈ.

ಅತ್ತೆಯದ್ದು ಅಪ್ಪಟ ತುಕ್ಕುಗೈ. ಮದುವೆಯಾದ ವಾರವೇ ಮಾವ ಪಟ್ಟಿ ಒತ್ತಿಸಿ ನೋಡಿದ್ದರಂತೆ. ಮರುದಿನ ಬೆಳಿಗ್ಗೆಯೇ ಐದು ಬೆರಳೂ ಅಚ್ಚೊತ್ತಿದ ಹಾಗೆ ಎದ್ದಿದ್ದವು. ಅಂದಿನಿಂದ ಆ ಕೋಣೆಯ ಹೊಸ್ತಿಲೇ ಅತ್ತೆಯ ಗಡಿ. ಟೀ ತಂದರೆ ಅಲ್ಲೇ ನಿಂತು ಲೋಟ ಚಾಚುತ್ತಿದ್ದರು. "ನನ್ನ ಕೈಯಲ್ಲಿ ಸೂಜಿನೂ ಬಾಳಲ್ಲ. ಇವರು ಹೇಗೆ ಬಾಳಿದ್ರೋ," ಅಂತ ತಾವೇ ನಗುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ನನ್ನನ್ನು ಮಾತ್ರ ಒಳಗೆ ಬಿಟ್ಟಿದ್ದರು. ಮಕ್ಕಳ ಬೆವರು ಬರಿ ನೀರು, ಹದಿನಾಲ್ಕು ತುಂಬಲಿ ಆಮೇಲೆ ಪರೀಕ್ಷೆ ಮಾಡೋಣ ಅನ್ನುವುದು ಮಾವನ ಲೆಕ್ಕ. ನನ್ನ ಅಳತೆಗೆ ಬಿಳಿಯ ಹತ್ತಿಯ ಕೈಗವಸು ಹೊಲಿಸಿ ಕೊಟ್ಟಿದ್ದರು. ಶಾಲೆಯಿಂದ ಬಂದವಳೇ ಕೈಗವಸು ತೊಟ್ಟು ಮೂಲೆಯ ಮಣೆಯ ಮೇಲೆ ಕೂರುತ್ತಿದ್ದೆ. ಬಿರಡೆ ಎತ್ತಿಕೊಡುವುದು, ತೊಟ್ಟಿಯ ಕೆಳಗೆ ಎರಡೂ ಸ್ಟೋವುಗಳ ಉರಿ ಸಮನಾಗಿದೆಯೋ ನೋಡುವುದು, ಎಷ್ಟನೆಯ ಕುದಿ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಅಮ್ಮ ದೂರ, ಶಾಲೆಯಲ್ಲಿ ಗೆಳತಿಯರು ಕಡಿಮೆ. ಚಿಕ್ಕಂದಿನಿಂದಲೂ ನನಗೆ ಎಲ್ಲಕ್ಕೂ ಭಯ. ಬಾಗಿಲು ಹಾಕಿದ್ದೇವೆಯೇ, ಗ್ಯಾಸ್ ಆರಿಸಿದ್ದೇವೆಯೇ, ಅಮ್ಮನ ಬಸ್ಸು ಸುರಕ್ಷಿತವಾಗಿ ತಲುಪಿತೇ. ಆ ಒದ್ದೆ ಕೋಣೆಯಲ್ಲಿ ಮಾತ್ರ ಯಾವ ಚಿಂತೆಯೂ ಹತ್ತಿರ ಬರುತ್ತಿರಲಿಲ್ಲ. ಅಲ್ಲಿ ಪ್ರತಿಯೊಂದಕ್ಕೂ ಒಂದು ಕ್ರಮವಿತ್ತು. ಅವಸರ ಮಾಡಿದರೆ ಏನೂ ಸಿಗುವಂತಿರಲಿಲ್ಲ.

ಎಂಟನೆಯ ಕುದಿ ಮುಗಿದು ಎಣ್ಣೆ ಹಚ್ಚಿದ ಮೇಲೆ ಮಾವ ನಳಿಗೆಯನ್ನು ಕಿಟಕಿಯ ಹತ್ತಿರ ತಂದು ನಿಧಾನಕ್ಕೆ ಹೊರಳಿಸುತ್ತಿದ್ದರು.

"ಏನು ಬಣ್ಣ ಹೇಳು?"

"ಕಪ್ಪು."

"ಸರಿಯಾಗಿ ನೋಡು."

ಹೊರಳಿಸುತ್ತ ಹೊರಳಿಸುತ್ತ ಒಂದು ಓರೆಯಲ್ಲಿ ಕಪ್ಪಿನ ಆಳದಿಂದ ನೀಲಿ ಎದ್ದು ಬರುತ್ತಿತ್ತು, ಬಿಸಿಲಲ್ಲಿ ಕೂತ ಕಾಗೆಯ ಕತ್ತಿನ ಹಾಗೆ. "ನೀಲಿ" ಅಂತ ನಾನು ಹೇಳುವವರೆಗೆ ಅವರು ಹೊರಳಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಹೇಳಿದ ಮೇಲೆ "ಹೂಂ" ಅಂದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಅವರ ಪಾಲಿನ ಹಬ್ಬ ಅಷ್ಟೇ.

ನಾನು ಹದಿನಾಲ್ಕಕ್ಕೆ ಬಿದ್ದ ವರ್ಷ ಮಾವನಿಗೆ ಜ್ವರ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ಎದ್ದು ಬಂದು ಮೊದಲು ಹಿಡಿದ ಕೆಲಸ ಒಂದಕ್ಕೊಂದು ಬೆಸೆದ ಒಂದು ಜೋಡಿ ನಳಿಗೆ, ಜೊತೆಗೆ ಅದೇ ಬಂದೂಕಿನ ಬಿಡಿಭಾಗಗಳು. ಯಾರೋ ತಮ್ಮ ತಾತನ ಕಾಲದ್ದು ಅಂತ ಅಂಗಡಿಯವರಿಗೆ ಹತ್ತು ಸಲ ಹೇಳಿ ಕೊಟ್ಟುಹೋದದ್ದು. ಮೊದಲ ದಿನದ ತೊಳೆಯುವ ಕೆಲಸ ಮುಗಿದಿತ್ತು. ಮಾವ ಅದನ್ನು ಪೆಟ್ಟಿಗೆಯ ಕೊಕ್ಕೆಗೆ ತೂಗುಹಾಕಿ, ಬ್ಯಾಟರಿ ನೀರು ತರುವುದಕ್ಕೆ ಗ್ಯಾರೇಜಿಗೆ ಹೋದರು. ಅತ್ತೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದರು. ನಾನು ಆಗಷ್ಟೇ ಶಾಲೆಯಿಂದ ಬಂದಿದ್ದೆ. ಕೈಗವಸು ಇನ್ನೂ ತೊಟ್ಟಿರಲಿಲ್ಲ. ಪೆಟ್ಟಿಗೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಕೊಕ್ಕೆಯ ಮೊಳೆ ಸಡಿಲಾಗಿ, ಇಡೀ ನಳಿಗೆ ಒಂದು ಕಡೆ ಜಾರುತ್ತಿರುವುದು ಕಣ್ಣಿಗೆ ಬಿತ್ತು.

ಯೋಚಿಸುವಷ್ಟು ಹೊತ್ತಿರಲಿಲ್ಲ. ಬರಿಗೈಯಲ್ಲಿ ಹಿಡಿದೆ. ನಡುವಿಗೇ ಹಿಡಿದೆ. ಅಂಗೈಯಲ್ಲಿ ಅದು ಒಂದು ಗೇಣು ಜಾರಿ ನಿಂತಿತು. ಬಿದ್ದಿದ್ದರೆ ನೆಲದ ಕಲ್ಲಿಗೆ ಬಡಿದು ತುದಿ ಜಜ್ಜಿಹೋಗುತ್ತಿತ್ತು. ಬಿರಡೆ ಹಿಡಿದು ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಮೊಳೆಯನ್ನು ಒತ್ತಿ, ಹೊರಗೆ ಬಂದು ಕೂತೆ. ಮಾವ ಬಂದ ಮೇಲೆ ಹೇಳಬೇಕು ಅಂದುಕೊಂಡಿದ್ದೆ. ಅವರು ಬಂದರು. ನೀರಿನ ಕ್ಯಾನು ಇಳಿಸಿ ಏದುಸಿರು ಬಿಡುತ್ತ, "ಜ್ವರ ಮೈಯನ್ನೇ ಹಿಂಡಿಬಿಟ್ಟಿದೆ ಕಣೆ," ಅಂದರು. ಹೇಳಲಿಲ್ಲ. ಮಕ್ಕಳ ಬೆವರು ನೀರು ತಾನೇ ಅಂತ ಸಮಾಧಾನ ಮಾಡಿಕೊಂಡೆ.

ಮೂರನೆಯ ಕುದಿಯ ಹೊತ್ತಿಗೆ ಎಡ ನಳಿಗೆಯ ಮೇಲೆ ಉದ್ದನೆಯ ಕಲೆಯೊಂದು ಕಾಣಿಸಿತು. ಬೆರಳ ಗುರುತಲ್ಲ, ಜಾರಿದ ಕೈಯಾದ್ದರಿಂದ ಕಲಸಿಹೋದ ಒಂದು ಪಟ್ಟೆ. ಐದನೆಯ ಕುದಿಗೆ ಅದು ಸಣ್ಣ ಸಣ್ಣ ಗುಳಿ ಬಿದ್ದು ಒರಟಾಯಿತು. ಮಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕೈಗವಸು ತೆಗೆದು, ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಕಾಯಿಲೆ ಬಿದ್ದೆದ್ದ ಮೇಲೆ ಬೆವರು ಬದಲಾಗುತ್ತೆ ಅಂತ ನಮ್ಮ ಗುರುಗಳು ಹೇಳ್ತಿದ್ರು," ಅಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. "ಕೈಗವಸು ತೇವ ಆದ್ರೆ ಅದರೊಳಗಿಂದಾನೂ ಇಳಿಯುತ್ತಂತೆ."

ಎಲ್ಲವನ್ನೂ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಿದರು. ಹದಿನೈದು ದಿನದ ಕೆಲಸ. ಈ ಸಲ ಒಂದರ ಮೇಲೊಂದು ಎರಡು ಜೊತೆ ಕೈಗವಸು. ನನಗೆ ಶಾಲೆಯಲ್ಲಿ ಪಾಠ ತಲೆಗೆ ಹೋಗುತ್ತಿರಲಿಲ್ಲ. ಒಂದೇ ಯೋಚನೆ. ಕಲೆ ನನ್ನದೋ ಮಾವನದೋ? ಬಹುಶಃ ಅವರ ಬೆವರು ನಿಜವಾಗಿಯೂ ಬದಲಾಗಿರಬಹುದು. ಹಾಗಿದ್ದರೆ ನಾನು ಸುಮ್ಮನೆ ಯಾಕೆ ಬೈಸಿಕೊಳ್ಳಬೇಕು? ನನ್ನದೇ ಆಗಿದ್ದರೆ ನನ್ನದು ತುಕ್ಕುಗೈ. ಅಂದರೆ ನಾಳೆಯಿಂದ ನಾನೂ ಅತ್ತೆಯ ಜೊತೆ ಹೊಸ್ತಿಲಾಚೆ. ಹೇಳುವ ಮೊದಲು ಖಚಿತ ಮಾಡಿಕೊಳ್ಳಬೇಕು ಅನ್ನಿಸಿತು. ಇವತ್ತಿಗೂ ನನ್ನ ಬುದ್ಧಿ ಓಡುವುದು ಹೀಗೇ. ಮಗು ಎರಡು ಸಲ ಸೀನಿದರೆ ಮೂರನೆಯದಕ್ಕೆ ಕಾಯುತ್ತ ಕೂರುತ್ತೇನೆ.

ಯಾವುದಾದರೂ ಮೊಳೆಯನ್ನೋ ಡಬ್ಬಿಯ ಮುಚ್ಚಳವನ್ನೋ ಮುಟ್ಟಿ ನೋಡಬಹುದಿತ್ತು. ಆದರೆ ಮಾವನ ಕೋಣೆಯಲ್ಲಿ ಐದು ವರ್ಷ ಕೂತವಳಿಗೆ ಅದು ಸರಿಯಾದ ಪರೀಕ್ಷೆ ಅನ್ನಿಸಲಿಲ್ಲ. ಅದೇ ಉಕ್ಕು ಬೇಕು, ಅದೇ ಕಷಾಯ, ಅದೇ ಪೆಟ್ಟಿಗೆಯ ಹಬೆ. ಹಾಗಾಗಿ, ಅದೇ ಬಂದೂಕಿನ ಬಿಲ್ಲಿನಂಥ ಕಾಪಿನ ಒಳಮೈಗೆ, ಯಾರೂ ನೋಡದ ಕಡೆ ಅಂದುಕೊಂಡ ಜಾಗದಲ್ಲಿ, ತೊಳೆದ ದಿನವೇ ಹೆಬ್ಬೆರಳು ಒತ್ತಿದೆ. ಬಿಗಿಯಾಗಿ ಒತ್ತಿ, ಹತ್ತರವರೆಗೆ ಎಣಿಸಿದೆ.

ನಾಲ್ಕನೆಯ ಕುದಿಗೆ ಕಾಪಿನ ಒಳಗೆ ಕಡಲೆಬೀಜದಷ್ಟು ಗಾತ್ರದ ಕಲೆ ಎದ್ದಿತು. ನಳಿಗೆ ಮಾತ್ರ ಈ ಸಲ ಎಲ್ಲೂ ಕಲೆಯಿಲ್ಲದೆ ಬಂದಿತ್ತು. ನನಗೆ ಉತ್ತರ ಸಿಕ್ಕಿತು. ಆದರೆ ಮಾವನ ಕಣ್ಣಿಗೆ ಬೀಳದ ಜಾಗ ಯಾವುದಿತ್ತು? ಅವರಿಗೂ ಒಂದು ಉತ್ತರ ಸಿಕ್ಕಿತು. ಬೇರೆಯ ಉತ್ತರ.

ಇನ್ನು ಕೆಲಸ ಕಳಿಸಬೇಡಿ ಅಂತ ಮಾವ ಹೇಳಿಕಳಿಸಿದ್ದಕ್ಕೆ ಅಂದು ಸಂಜೆ ಬಂದೂಕಿನ ಅಂಗಡಿಯ ಯಜಮಾನರೇ ಮನೆಗೆ ಬಂದರು. ದಪ್ಪ ಮನುಷ್ಯ. ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕುಸಿದು, "ಮೇಸ್ತ್ರೀ, ಇಷ್ಟು ಸಣ್ಣ ಕಲೆ. ಗಿರಾಕಿ ಕಾಪಿನೊಳಗೆ ತಲೆ ತೂರಿಸಿ ನೋಡ್ತಾನೇನ್ರಿ?" ಅಂದರು.

"ನಾನು ನೋಡಿದ್ನಲ್ಲ," ಅಂದರು ಮಾವ.

"ಒಂದ್ಸಲ ಆಗುತ್ತೆ ಬಿಡಿ."

"ಎರಡು ಸಲ ಆಯ್ತು. ಎರಡು ಜೊತೆ ಕೈಗವಸು ಹಾಕ್ಕೊಂಡೂ ಆಯ್ತು. ಇನ್ನು ನಾನು ಜನರ ಸಾಮಾನು ಹಾಳು ಮಾಡೋದು ಬೇಡ."

"ನಿಮ್ಮನ್ನ ಬಿಟ್ರೆ ಯಾರ ಹತ್ರ ಹೋಗ್ಲಿ ನಾನು?"

"ಒಣಗೈ ಇರೋನ ಹತ್ರ ಹೋಗಿ."

ಬಾಗಿಲ ಸಂದಿಯಲ್ಲಿ ನಿಂತು ನಾನು ಕೇಳಿಸಿಕೊಂಡೆ. ಒಂದು ಹೆಜ್ಜೆ ಒಳಗಿಟ್ಟು ಒಂದು ಮಾತಾಡಿದ್ದರೆ ಸಾಕಿತ್ತು. ಮೊದಲನೆಯದು ಆಕಸ್ಮಿಕ, ಹೇಳಬಹುದಿತ್ತು. ಎರಡನೆಯದು ಬೇಕೆಂದೇ ಮಾಡಿದ್ದು. ಅದನ್ನು ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳುತ್ತೇನೆ ಅಂದುಕೊಂಡೆ. ಮುಂದಿನ ತಿಂಗಳಿಂದ ಮಾವ, ಗೇಟು ಮತ್ತು ಕಿಟಕಿಯ ಸರಳು ಮಾಡುವ ವರ್ಕ್‌ಶಾಪಿಗೆ ಹೋಗತೊಡಗಿದರು. ಬೆಸುಗೆ ಮುಗಿದ ಗೇಟುಗಳಿಗೆ ರೆಡ್ ಆಕ್ಸೈಡ್ ಬಳಿಯುವ ಕೆಲಸ. ಉದ್ದ ಹಿಡಿಯ ಬ್ರಷ್ಷು, ಯಾವ ಕೈಯಾದರೂ ನಡೆಯುತ್ತದೆ. ಸಂಜೆ ಮನೆಗೆ ಬಂದಾಗ ಉಗುರ ಸಂದಿಯಲ್ಲೆಲ್ಲ ಇಟ್ಟಿಗೆ ಕೆಂಪು. ಅದನ್ನು ತೊಳೆಯುವ ಅವಸರವೂ ಅವರಿಗಿರುತ್ತಿರಲಿಲ್ಲ. ಒದ್ದೆ ಕೋಣೆಯಲ್ಲಿ ಅತ್ತೆ ಸೌದೆ, ಹಳೆ ಪೇಪರು ತುಂಬಿದರು. ತೊಟ್ಟಿ, ಪೆಟ್ಟಿಗೆ ಎಲ್ಲ ಅವುಗಳ ಹಿಂದೆ ಸರಿದವು. ನನ್ನ ಹದಿನಾಲ್ಕರ ಪರೀಕ್ಷೆ ನಡೆಯಲೇ ಇಲ್ಲ. ಯಾರಿಗೂ ಅದು ನೆನಪಾಗಲಿಲ್ಲ.

ಆಮೇಲೆ ಕಾಲೇಜು, ಕೆಲಸ, ಮದುವೆ. ಪ್ರತಿ ಸಲ ಆ ಮನೆಗೆ ಹೋದಾಗಲೂ ಹೇಳಬೇಕೆಂದು ಹೋಗಿ, ಹೇಳದೆ ಬಂದಿದ್ದೇನೆ. ನನ್ನ ಬಾಣಂತನಕ್ಕೆ ಅತ್ತೆ ಬಂದು ಎರಡು ತಿಂಗಳಿದ್ದರು. ಮಾವ ಮಗುವನ್ನು ನೋಡಲು ಬಂದಾಗ, ಎತ್ತಿಕೊಳ್ಳಿ ಅಂದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. "ನೀನೇ ಹಿಡ್ಕೋ, ನಾನು ನೋಡ್ತೀನಿ," ಅಂದರು. ವಯಸ್ಸಾಯಿತು, ಜಾರಿಸಿಬಿಟ್ಟೇನು ಅಂತ ಭಯ ಇರಬೇಕು ಅಂದರು ನನ್ನ ಗಂಡ. ನನಗೆ ಹಾಗನ್ನಿಸಲಿಲ್ಲ.

ಇಂದು ಶುಕ್ರವಾರ. ಮಧ್ಯಾಹ್ನ ಮಗು ಮಲಗಿತು. ಉಸಿರಾಟ ಸರಿಯಾಗಿದೆಯೇ ಅಂತ ಎರಡು ಸಲ ಬಗ್ಗಿ ನೋಡಿ, ಬಾಗಿಲನ್ನು ಅರ್ಧ ಮುಚ್ಚಿ, ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಏನೇ ಇಷ್ಟೊತ್ತಿನಲ್ಲಿ? ಮಗು ಹುಷಾರಾಗಿದೆ ತಾನೇ?"

"ಹುಷಾರಾಗಿದೆ ಅತ್ತೆ. ಮಾವ ಇದಾರಾ?"

"ಇದಾರೆ, ಒಳಗೆ ಪೆಟ್ಟಿಗೆ ಒರೆಸ್ತಾ ಇದಾರೆ. ಕೊಡೋ ಸಾಮಾನು ಗಲೀಜಾಗಿರಬಾರದಂತೆ. ಯಾಕೆ?"

ಮಾವನಿಗೆ ಹೇಳಬೇಕೆಂದು ಸಾಲುಗಟ್ಟಿ ಇಟ್ಟುಕೊಂಡಿದ್ದ ಮಾತೆಲ್ಲ ಅತ್ತೆಯೆದುರು ಸುರಿದುಹೋಯಿತು. ಜಾರಿದ ನಳಿಗೆ, ಬರಿಗೈ, ಹೆಬ್ಬೆರಳು, ಎಲ್ಲ. ಹಿಂದುಮುಂದಾಗಿ ಹೇಳಿದೆ.

"ಅತ್ತೆ?"

"ಇದೀನಿ."

"ಬೇಜಾರಾಯ್ತಾ?"

"ಆ ಕೈಗವಸು ಒಗೀತಿದ್ದವಳು ನಾನು ಕಣೆ," ಅಂದರು ಅತ್ತೆ. ದನಿ ಬಹಳ ಸಣ್ಣದಾಗಿತ್ತು. "ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ತ್ರಾಣ ಇರಲಿಲ್ಲ ಅಂತ ನಾನೇ ಒಗೆದು ಹಿಂಡಿ ಹಾಕಿದ್ದೆ. ಅದಕ್ಕೆ ಮುಂಚೆ ಅವರೇ ಒಗ್ಕೊಳ್ತಿದ್ರು. ನನ್ನ ಬೆವರು ಅದರಲ್ಲಿ ಇಳೀತು, ನಾನೇ ಅವರ ಕೆಲಸ ತಿಂದೆ ಅಂತ... ಅವರಿಗೂ ಗೊತ್ತು, ನನ್ನ ಮರ್ಯಾದೆಗೆ ಸುಮ್ಮನಿದಾರೆ, ತಮ್ಮ ಕೈ ಅಂತ ಹೇಳ್ಕೊಳ್ತಾರೆ ಅಂದ್ಕೊಂಡಿದ್ದೆ. ಇಷ್ಟು ವರ್ಷ."

ನಾನು ಒಬ್ಬರ ಲೆಕ್ಕ ಹಿಡಿದು ಹದಿನಾರು ವರ್ಷ ಕೊರಗಿದ್ದೆ. ಅಲ್ಲಿ ಇಬ್ಬರಿದ್ದರು.

"ರೀ," ಅಂತ ಅತ್ತೆ ಕೂಗಿದ್ದು ಕೇಳಿಸಿತು. "ರೀ, ಅದನ್ನ ಅಲ್ಲಿಡಿ. ಬನ್ನಿ ಇಲ್ಲಿ."

ಅವರಿಬ್ಬರ ಮಾತು ದೂರದಿಂದ ಗುಜುಗುಜು ಕೇಳುತ್ತಿತ್ತು. ಒಂದು ಶಬ್ದವೂ ಬಿಡಿಸಿ ತಿಳಿಯಲಿಲ್ಲ. ಆಮೇಲೆ ಕುರ್ಚಿ ಎಳೆದ ಸದ್ದು. ಮಾವ ಫೋನ್ ತೆಗೆದುಕೊಂಡರು.

"ಎಲ್ಲಿ ಹಿಡಿದಿದ್ದೆ?"

"ಎಡ ನಳಿಗೆ ಮಾವ. ಹಿಂದಿನ ತುದಿಯಿಂದ ಒಂದೂವರೆ ಗೇಣು."

"ಹೂಂ. ಅಲ್ಲೇ. ಕಾಪಿನೊಳಗೆ?"

"ಅದು ಬೇಕಂತಲೇ. ನನ್ನ ಕೈನಾ ನಿಮ್ಮ ಕೈನಾ ನೋಡೋಣ ಅಂತ."

"ಅದೇ ಕಷಾಯದಲ್ಲೇ ನೋಡ್ಬೇಕಿತ್ತಾ?"

"ಬೇರೆದ್ರಲ್ಲಿ ನೋಡಿದ್ರೆ ಸರಿಯಾಗಿ ಗೊತ್ತಾಗಲ್ಲ ಅನ್ನಿಸ್ತು."

"ಅದೇನೋ ನಿಜ," ಅಂದರು ಮಾವ. "ಹದಿನಾರು ವರ್ಷ ಗೇಟಿಗೆ ಬಣ್ಣ ಬಳಿದೆ ನಾನು," ಅಂದರು. ಜೋರಾಗಿ ಹೇಳಲಿಲ್ಲ. ನಾನು ಅಂಗೈಯಿಂದ ಕಣ್ಣೊರೆಸಿಕೊಂಡೆ.

ಹಿಂದಿನಿಂದ ಅತ್ತೆ, "ಆ ಮೆಕ್ಯಾನಿಕ್ಕಿಗೆ ಬರಬೇಡ ಅಂತ ಹೇಳ್ಲಾ?" ಅಂತ ಕೇಳಿದರು.

"ಬರಲಿ. ಕಲಿಯೋದಿದ್ರೆ ಬಂದು ಕಲೀಲಿ. ತೊಟ್ಟಿ ಎಲ್ಲೂ ಹೋಗಲ್ಲ." ಅದು ಅತ್ತೆಗೆ. ಆಮೇಲೆ ನನಗೆ, "ಅಳ್ತಿದೀಯಾ?"

"ಇಲ್ಲ."

"ಅಳಬೇಡ. ನೀನು ಅತ್ರೆ ನಂಗೆ ಬೈಯೋಕಾಗಲ್ಲ. ಇವತ್ತು ನಾನು ಬೈಯಲೇಬೇಕು."

"ಬೈಯಿರಿ ಮಾವ."

"ಮಗು ಮಲಗಿದ್ಯಾ?"

"ಮಲಗಿದೆ."

"ಎಷ್ಟೊತ್ತು ಮಲಗುತ್ತೆ?"

"ಒಂದು ಗಂಟೆ."

"ಸಾಕಾಗಲ್ಲ, ಆದ್ರೂ ಶುರು ಮಾಡ್ತೀನಿ," ಅಂದರು ಮಾವ. "ಕೂತ್ಕೋ ಮೊದಲು."

ನಾನು ಅಡುಗೆಮನೆಯ ನೆಲದ ಮೇಲೆ ಕೂತೆ.